ಕಂಪನಿ ಕಿಟಕಿಯೋ, ನಮ್ಮೂರ ಫ್ಯಾಬ್ರಿಕೇಟರೋ?

ಪ್ರಶ್ನೆ: ನಮ್ಮದು ದಾವಣಗೆರೆ ಎಂ.ಸಿ.ಸಿ. ‘ಬಿ’ ಬ್ಲಾಕ್‌ನಲ್ಲಿ 1994ರಲ್ಲಿ ಕಟ್ಟಿಸಿದ ಮನೆ. ಕೆಳಗೆ ಮೇಲೆ ಸೇರಿ 11 ಕಿಟಕಿ. ಚೌಕಟ್ಟು ಹೊನ್ನೆಯದು, ಕದಗಳು ಕಾಡುಮರದವು. ಪಡುವಣ ಗೋಡೆಯ ಎರಡು ಕಿಟಕಿಗೆ ಗೆದ್ದಲು ಹತ್ತಿದೆ. ಮಳೆಗಾಲ ಬಂತೆಂದರೆ ಕದ ಉಬ್ಬಿಕೊಂಡು ಮುಚ್ಚುವುದಿಲ್ಲ. ಎರಚಲು ಹೊಡೆದರೆ ಮಹಡಿ ರೂಮಿನ ನೆಲದವರೆಗೂ ನೀರು. ಪುಣೆಯಲ್ಲಿರುವ ಮಗ, ‘ಎಲ್ಲಾ ಕಿತ್ತಾಕಿ ದೊಡ್ಡ ಕಂಪನಿ ಯುಪಿವಿಸಿ ಹಾಕಿಸ್ರಿ, ದುಡ್ಡು ನಾನ್ ಕೊಡ್ತೀನಿ’ ಅನ್ನುತ್ತಾನೆ. ಯುಪಿವಿಸಿ ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನ ಕಿಟಕಿಯಂತೆ. ನಮ್ಮ ಯಜಮಾನರಿಗೆ ಊರಿನವರನ್ನು ಬಿಟ್ಟು ಹೊರಗಿನವರಿಗೆ ಕೊಡಲು ಮನಸ್ಸಿಲ್ಲ. ಕಂಪನಿಯವರು ಚದರಡಿಗೆ 950 ರೂ. ಹೇಳಿದ್ದಾರೆ, ಜಿಎಸ್‌ಟಿ ಬೇರೆ. ಅರ್ಧ ಮುಂಗಡ, ಉಳಿದರ್ಧ ಮಾಲು ಕಳಿಸುವ ಮೊದಲೇ ಕೊಡಬೇಕಂತೆ. ಈ ತಿಂಗಳು ದಾಟಿದರೆ ರೇಟು ಏರುತ್ತದಂತೆ. ಇಲ್ಲೇ ಕಿಟಕಿ ಮಾಡಿಕೊಡುವ ಊರಿನ ಫ್ಯಾಬ್ರಿಕೇಟರ್ ‘ಬಿಲ್ ಬೇಡ ಅಂದ್ರೆ 540ಕ್ಕೆ ಮಾಡಿಕೊಡ್ತೀನಿ’ ಅಂದರು. ನಮ್ಮ ಬಡಿಗೇರರು ಬಂದು ಚೌಕಟ್ಟು ತಟ್ಟಿ ನೋಡಿ, ‘ಇದಕ್ಕೇನಾಗಿದೆ ಅಮ್ಮಾರೆ, ಕದ ಬದಲಿಸಿದ್ರೆ ಸಾಕು’ ಎಂದು ಹೋದರು. ಯಾರ ಮಾತು ಕೇಳಬೇಕು? ದೊಡ್ಡ ಕಂಪನಿ ಅಂದರೆ ನಿಜಕ್ಕೂ ನೆಮ್ಮದಿಯೇ? ಊರಿನವರು ನಾಳೆ ಅಂಗಡಿ ಮುಚ್ಚಿಕೊಂಡು ಹೋದರೆ?

ಉತ್ತರ: ಮೇಡಂ, ನಿಮ್ಮ ಮನೆಯಲ್ಲಿ ವಾದ ನಡೆದಿರುವುದು ಕೆಲಸ ಯಾರಿಗೆ ಕೊಡಬೇಕು ಎಂಬುದರ ಮೇಲೆ. ಅದಕ್ಕೂ ಮುಂಚಿನ ಎರಡು ಪ್ರಶ್ನೆಗಳನ್ನು ಯಾರೂ ಕೇಳಿದಂತಿಲ್ಲ. ನೀರು ಎಲ್ಲಿಂದ ಬರುತ್ತಿದೆ? ಹನ್ನೊಂದನ್ನೂ ತೆಗೆಯುವ ಅಗತ್ಯವಿದೆಯೇ? ನಾನು ಸಿವಿಲ್ ಎಂಜಿನಿಯರ್. ಹೊಸ ಮನೆ ಕಟ್ಟಿಸುವುದಕ್ಕಿಂತ ಹಳೆ ಮನೆಗಳ ಸೋರಿಕೆ, ಬಿರುಕು, ಕಿಟಕಿ ಬಾಗಿಲು ನೋಡುವುದೇ ನನ್ನ ಹೆಚ್ಚಿನ ಕೆಲಸ. ಕಂಪನಿಯಿಂದಾಗಲಿ ಅಂಗಡಿಯಿಂದಾಗಲಿ ನನಗೆ ಕಮಿಷನ್ ಬರುವುದಿಲ್ಲ. ಹಾಗಾಗಿ ಕೊಳ್ಳುವ ಮಾತು ಆಮೇಲೆ ಆಡೋಣ, ಮೊದಲು ಗೋಡೆ ನೋಡೋಣ.

ಕಿಟಕಿಯಿಂದ ನೀರು ಬಂತು ಎಂದರೆ ಎಲ್ಲರೂ ಕದದ ಕಡೆಗೇ ಕೈ ತೋರಿಸುತ್ತಾರೆ. ಕದದ ಸಂದಿಯಿಂದ ಬರುವುದು ಸ್ವಲ್ಪ. ನೆಲದ ತನಕ ಹರಿಯುವಷ್ಟು ನೀರು ಬರುತ್ತಿದ್ದರೆ ನಾನು ಮೊದಲು ನೋಡುವುದು ಮೂರು ಜಾಗ. ಸಜ್ಜಾ (ಕಿಟಕಿ ಮೇಲೆ ಹೊರಚಾಚಿದ ಹಲಗೆ) ಗೋಡೆಗೆ ಸೇರುವ ಗೆರೆಯಲ್ಲಿ ಬಿರುಕು ಬಿಟ್ಟಿದೆಯೇ, ಚೌಕಟ್ಟಿಗೂ ಗಾರೆಗೂ ನಡುವೆ ಸಂದು ಬಿದ್ದಿದೆಯೇ, ಕಿಟಕಿ ಅಡಿಯ ಕಲ್ಲು ಒಳಮುಖವಾಗಿ ವಾಲಿದೆಯೇ. ಆ ಕಾಲದ ಮನೆಗಳಲ್ಲಿ ಕಡಪ ಕಲ್ಲನ್ನು ಸಮತಟ್ಟಾಗಿ ಕೂರಿಸಿ ಬಿಟ್ಟಿರುತ್ತಾರೆ. ಹೊರಗಡೆಗೆ ಇಳಿಜಾರು ಇರುವುದಿಲ್ಲ. ಸಜ್ಜಾದ ಅಡಿ ಅಂಚಿನಲ್ಲಿ ನೀರು ತೊಟ್ಟಿಕ್ಕಿ ಬೀಳಲೆಂದು ಒಂದು ಸಣ್ಣ ತೋಡು ಇರಬೇಕು. ಅದಿಲ್ಲದಿದ್ದರೆ ನೀರು ಸಜ್ಜಾದ ಹೊಟ್ಟೆಗೆ ಅಂಟಿಕೊಂಡೇ ಹಿಂದಕ್ಕೆ ಹರಿದು ಚೌಕಟ್ಟಿನ ತಲೆಗೆ ಇಳಿಯುತ್ತದೆ. ಇದರಲ್ಲಿ ಯಾವುದಿದ್ದರೂ 950 ರೂಪಾಯಿಯ ಕಿಟಕಿ ಕೂರಿಸಿದ ಮೇಲೂ ನೀರು ಬರುತ್ತದೆ. ಆಗ ಕಂಪನಿಯವರು ‘ಇದು ಸಿವಿಲ್ ಪ್ರಾಬ್ಲಂ’ ಎಂದು ಬರೆದುಕೊಟ್ಟು ಹೋಗುತ್ತಾರೆ. ಅವರು ಹೇಳುವುದು ಸರಿಯೇ, ಆದರೆ ಅಷ್ಟರಲ್ಲಿ ನಿಮ್ಮ ದುಡ್ಡು ಹೋಗಿರುತ್ತದೆ.

ಪತ್ತೆ ಹಚ್ಚುವುದು ಕಷ್ಟವಲ್ಲ. ಮೋಡವಿಲ್ಲದ ದಿನ ಹೊರಗಿನಿಂದ ಪೈಪ್ ಹಿಡಿದು ನೀರು ಬಿಡಿಸಿ, ಒಳಗೆ ಒಬ್ಬರು ನಿಂತು ನೋಡಲಿ. ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಅಡಿಗಲ್ಲಿನ ಹತ್ತಿರ ಒಂದು ಹತ್ತು ನಿಮಿಷ, ಆಮೇಲೆ ಎರಡು ಪಕ್ಕದ ಸಂದಿಗೆ, ನಂತರ ಕದಗಳಿಗೆ, ಕಡೆಗೆ ಸಜ್ಜಾದ ಗೆರೆಗೆ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಇಳಿದು ಯಾವುದರ ತಪ್ಪೆಂದು ಗೊತ್ತಾಗುವುದಿಲ್ಲ. ಮಹಡಿಯ ಆ ರೂಮಿಗೆ ಇಷ್ಟು ಮಾಡಿಸಿ, ಆಮೇಲೆ ಮಗನಿಗೆ ಫೋನ್ ಮಾಡಿ.

ಗೆದ್ದಲಿನದೂ ಇದೇ ಕಥೆ. ಅದು ಮರದಲ್ಲಿ ಹುಟ್ಟುವುದಿಲ್ಲ. ನೆಲದಿಂದ ಗೋಡೆಯೊಳಗೆ ಮಣ್ಣಿನ ದಾರಿ ಮಾಡಿಕೊಂಡು ಏರಿ ಬಂದಿರುತ್ತದೆ. ಕಿಟಕಿ ಕಿತ್ತು ಪ್ಲಾಸ್ಟಿಕ್ಕಿನದು ಕೂರಿಸಿದರೆ ಆ ಕಿಟಕಿಗೆ ಅದು ಬರುವುದಿಲ್ಲ, ನಿಜ. ಪಕ್ಕದ ಬೀರುವಿಗೋ ಬಾಗಿಲ ಚೌಕಟ್ಟಿಗೋ ಹೋಗುತ್ತದೆ. ಕಟ್ಟಿರುವ ಮನೆಗೆ ಗೆದ್ದಲು ಮದ್ದು ಹೇಗೆ ಹಾಕಬೇಕೆಂದು ಭಾರತೀಯ ಮಾನಕ ಐಎಸ್ 6313ರ 3ನೇ ಭಾಗ ಹೇಳುತ್ತದೆ. ಗೋಡೆಯ ಬುಡದುದ್ದಕ್ಕೂ ತೂತು ಕೊರೆದು ಮದ್ದು ಇಳಿಸಬೇಕು. ಕಿಟಕಿ ಮೇಲೆ ಸ್ಪ್ರೇ ಹೊಡೆದು ‘ಆಯ್ತು’ ಎನ್ನುವವರನ್ನು ಒಪ್ಪಬೇಡಿ. ಮದ್ದು ಹಾಕಿಸಿದ ಮೇಲೆಯೇ ಕಿಟಕಿ ಕೆಲಸ.

ನಿಮ್ಮ ಬಡಿಗೇರರ ಮಾತನ್ನು ಮಗ ಹಳೇ ಕಾಲದ್ದೆಂದು ತಳ್ಳಿಹಾಕಬಹುದು. ನಾನು ಹಾಕುವುದಿಲ್ಲ. ಹೊನ್ನೆ ಗಟ್ಟಿ ಮರ. ಮಳೆಗೆ ಉಬ್ಬುವುದು ಕಾಡುಮರದ ಕದಗಳೇ ಹೊರತು ಚೌಕಟ್ಟಲ್ಲ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಪ್ರತಿ ಚೌಕಟ್ಟಿನ ಕೆಳಗಿನ ಮೂಲೆಗಳನ್ನು, ಗೋಡೆಗೆ ತಾಗುವ ಅಂಚನ್ನು ಒತ್ತಿ ನೋಡಿ. ತುದಿ ಒಳಗೆ ಇಳಿಯದಿದ್ದರೆ, ತಟ್ಟಿದಾಗ ಟೊಳ್ಳು ಸದ್ದು ಬರದಿದ್ದರೆ ಅದು ಇನ್ನೂ ಬಹಳ ವರ್ಷ ನಿಲ್ಲುತ್ತದೆ. ಅಂಥವಕ್ಕೆ ಒಣಗಿದ ಒಳ್ಳೆ ಮರದ ಹೊಸ ಕದ, ಸುತ್ತ ರಬ್ಬರ್ ಪಟ್ಟಿ, ಹೊರಗಡೆಗೆ ಪೇಂಟ್ ಸಾಕು. ಪೇಂಟನ್ನು ಕದದ ಮೇಲಂಚು, ಕೆಳಂಚಿಗೂ ಹೊಡೆಸಬೇಕು. ಅಲ್ಲಿ ಯಾರೂ ಹೊಡೆಯುವುದಿಲ್ಲ, ನೀರು ಹೀರುವುದು ಅಲ್ಲಿಂದಲೇ. ಇದರ ತೊಂದರೆಯನ್ನೂ ಹೇಳಿಬಿಡುತ್ತೇನೆ: ಮೂರು ನಾಲ್ಕು ವರ್ಷಕ್ಕೊಮ್ಮೆ ಮತ್ತೆ ಪೇಂಟ್ ಬೇಕು, ಮತ್ತು ಈಗ ಚೆನ್ನಾಗಿ ಒಣಗಿದ ಮರ ಸಿಗುವುದೇ ಕಷ್ಟ. ಹಸಿ ಮರದಲ್ಲಿ ಮಾಡಿದ ಕದ ಮೊದಲ ಬೇಸಿಗೆಗೇ ಸೊಟ್ಟಗಾಗುತ್ತದೆ.

ಕಂಪನಿ ಅಂದರೆ ಯಾರು

ಈಗ ನಿಮ್ಮ ಪ್ರಶ್ನೆಗೆ ಬರೋಣ. ‘ಕಂಪನಿ’ ಎಂದಾಗ ನಮ್ಮ ಕಣ್ಣಿಗೆ ಬರುವುದು ಟಿ.ವಿ. ಜಾಹೀರಾತು. ನಿಮ್ಮ ಮನೆಗೆ ಬರುವವರು ಬೇರೆ. ಒಂದು ಯುಪಿವಿಸಿ ಕಿಟಕಿಯಲ್ಲಿ ಮೂರು ಜನರ ಕೈ ಇರುತ್ತದೆ. ಪ್ರೊಫೈಲ್ ಎಂಬ ಉದ್ದುದ್ದ ಟೊಳ್ಳು ಪಟ್ಟಿ ತಯಾರಿಸುವವರು ಒಬ್ಬರು. ಅದನ್ನು ಅಳತೆಗೆ ಕೊಯ್ದು ಮೂಲೆಗಳನ್ನು ಕಾಯಿಸಿ ಬೆಸೆದು ಕಿಟಕಿ ಮಾಡುವವರು ಇನ್ನೊಬ್ಬರು. ಗೋಡೆಗೆ ಕೂರಿಸುವವರು ಮತ್ತೊಬ್ಬರು. ಪೂರ್ತಿ ತಾವೇ ಮಾಡುವ ದೊಡ್ಡ ಬ್ರ್ಯಾಂಡ್‌ಗಳಲ್ಲಿ ಮೊದಲೆರಡು ಒಂದೇ ಸಂಸ್ಥೆಯ ಕೈಯಲ್ಲಿರುತ್ತವೆ. ಮೂರನೆಯದು ಬಹಳ ಸಲ ಡೀಲರ್ ಗೊತ್ತುಮಾಡಿದ ಹುಡುಗರದು. ಊರಿನ ಫ್ಯಾಬ್ರಿಕೇಟರ್ ಪ್ರೊಫೈಲನ್ನು ದೊಡ್ಡ ತಯಾರಕರಿಂದ ಕೊಂಡು ತಂದು ಉಳಿದೆರಡನ್ನು ತಾನೇ ಮಾಡುತ್ತಾನೆ.

ಆದ್ದರಿಂದ ‘ಲೋಕಲ್ ಅಂದರೆ ಡೂಪ್ಲಿಕೇಟ್’ ಎನ್ನುವುದೂ ತಪ್ಪು, ‘ಎಲ್ಲಾ ಒಂದೇ ಮಾಲು, ಹೆಸರಿಗೆ ದುಡ್ಡು’ ಎನ್ನುವುದೂ ತಪ್ಪು. ಕಾರ್ಖಾನೆಯಲ್ಲಿ ಬೆಸೆದ ಮೂಲೆ ಸಾಮಾನ್ಯವಾಗಿ ಹೆಚ್ಚು ನೇರ, ಹೆಚ್ಚು ಗಟ್ಟಿ. ನೀರು ಹೊರಗೆ ಹೋಗುವ ಸೀಳುಗಳು ಸರಿಯಾದ ಜಾಗದಲ್ಲಿರುತ್ತವೆ. ಇಷ್ಟು ಕಂಪನಿಯ ಕಡೆಗೆ. ಆದರೆ ಸೋರಿಕೆ ಶುರುವಾಗುವುದು ಬಹುತೇಕ ಕಿಟಕಿಯಲ್ಲಲ್ಲ, ಕಿಟಕಿಗೂ ಗೋಡೆಗೂ ನಡುವಿನ ಸಂದಿಯಲ್ಲಿ. ಆ ಸಂದಿಗೆ ಕೈ ಹಾಕುವವರು ಎರಡೂ ಕಡೆ ಊರಿನ ಹುಡುಗರೇ. ಯಾವ ಬೋರ್ಡಿನವರೇ ಆಗಲಿ, ಟೇಪು ಹಿಡಿಯುವವರು ಯಾರು, ಸಂದಿ ತುಂಬುವವರು ಯಾರು, ಆರು ತಿಂಗಳ ಮೇಲೆ ಕದ ಸರಿಸುವ ಚಕ್ರ (ರೋಲರ್) ಕೆಟ್ಟರೆ ಬರುವವರು ಯಾರು ಎಂದು ನಾನು ಕೇಳುತ್ತೇನೆ.

ಊರಿನವರ ಮಾಲನ್ನು ನೀವೇ ಪರೀಕ್ಷಿಸಬಹುದು. ಪ್ರೊಫೈಲಿನ ಮೇಲೆ ಅಥವಾ ಅದಕ್ಕೆ ಅಂಟಿಸಿದ ಹಾಳೆಯ ಮೇಲೆ ತಯಾರಕರ ಹೆಸರು ಅಚ್ಚಾಗಿರುತ್ತದೆ. ಕೊಟೇಶನ್‌ನಲ್ಲಿ ಆ ಹೆಸರನ್ನು ಬರೆಸಿಕೊಳ್ಳಿ, ‘ಬ್ರ್ಯಾಂಡೆಡ್’ ಎಂದಷ್ಟೇ ಬರೆದರೆ ಸಾಲದು. ಒಂದು ತುಂಡು ಕೊಯ್ದು ತೋರಿಸಲು ಹೇಳಿ. ಐರೋಪ್ಯ ಮಾನಕ ಇಎನ್ 12608ರ ಪ್ರಕಾರ ಹೊರಗೆ ಕಾಣುವ ಗೋಡೆಯ ದಪ್ಪ ‘ಎ’ ದರ್ಜೆಗೆ 2.8 ಮಿ.ಮೀ., ‘ಬಿ’ ದರ್ಜೆಗೆ 2.5 ಮಿ.ಮೀ. ಇರಬೇಕು. ಅದಕ್ಕಿಂತ ತೆಳ್ಳಗಿನದೂ ಮಾರುಕಟ್ಟೆಯಲ್ಲಿ ಧಾರಾಳವಾಗಿ ಓಡುತ್ತದೆ. ಒಳಗೆ ಸತುವು ಲೇಪಿಸಿದ ಉಕ್ಕಿನ ಪಟ್ಟಿ ಇರಬೇಕು. ಕೆಲವರು ಹೊರಚೌಕಟ್ಟಿಗೆ ಹಾಕಿ, ಸರಿಯುವ ಕದಕ್ಕೆ ಹಾಕದೇ ಬಿಡುತ್ತಾರೆ. ಗಟ್ಟಿ ಆಯಸ್ಕಾಂತ ಹಿಡಿದರೆ ಪ್ಲಾಸ್ಟಿಕ್ಕಿನ ಮೇಲಿನಿಂದಲೇ ಗೊತ್ತಾಗುತ್ತದೆ. ಕೂರಿಸಿದ ಮೇಲೂ ಇದನ್ನು ಮಾಡಬಹುದು, ಯಾರೂ ಬೇಡ ಎನ್ನಲಾರರು.

‘ನಮ್ಮ ಬಿಸಿಲಿಗೆ ಯುಪಿವಿಸಿ ಹಳದಿಯಾಗುತ್ತದೆ’ ಎನ್ನುವುದು ಅರ್ಧ ನಿಜ. ಬಿಳಿ ಬಣ್ಣ ಉಳಿಯುವುದು ಅದಕ್ಕೆ ಬೆರೆಸಿದ ಟೈಟಾನಿಯಂ ಡೈಆಕ್ಸೈಡ್ ಮತ್ತು ಬಿಸಿಲು ತಡೆಯುವ ಸ್ಟೆಬಿಲೈಸರ್‌ಗಳಿಂದ. ಅಗ್ಗದ ಪ್ರೊಫೈಲಿನಲ್ಲಿ ಕಡಿಮೆ ಹಾಕುವುದು ಅವನ್ನೇ. ಪಡುವಣ ಗೋಡೆಯಲ್ಲಿ ಎರಡು ಮೂರು ಬೇಸಿಗೆಯಲ್ಲೇ ಬಂಡವಾಳ ಬಯಲಾಗುತ್ತದೆ. ಒಳ್ಳೆಯದರಲ್ಲಿ ಹಾಗಾಗುವುದಿಲ್ಲ. ಆ ಫ್ಯಾಬ್ರಿಕೇಟರ್ ನಾಲ್ಕೈದು ವರ್ಷದ ಹಿಂದೆ ಪಶ್ಚಿಮಕ್ಕೆ ಕೂರಿಸಿದ ಕಿಟಕಿ ಇರುವ ಮನೆಯ ವಿಳಾಸ ಕೇಳಿ. ಸರಸ್ವತಿ ನಗರದಲ್ಲೋ ಶಾಮನೂರು ರಸ್ತೆಯಲ್ಲೋ ಇದ್ದೇ ಇರುತ್ತದೆ. ಹೋಗಿ ನೋಡಿ, ಆ ಮನೆಯ ಹೆಂಗಸರನ್ನು ಮಾತಾಡಿಸಿ. ಗಂಡಸರು ಕಿಟಕಿಯ ರೇಟು ಹೇಳುತ್ತಾರೆ, ದಿನಾ ತೆಗೆದು ಹಾಕುವವರು ಅದು ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಹೇಳುತ್ತಾರೆ.

ಎರಡು ರೇಟು, ಎರಡು ಬೇರೆ ವಸ್ತು

ನಿಮ್ಮ ಪತ್ರದೊಂದಿಗೆ ಬಂದ ಎರಡು ಕೊಟೇಶನ್ ನೋಡಿದೆ. ನಾಲ್ಕಡಿ ಬೈ ನಾಲ್ಕಡಿಯವು ಒಂಬತ್ತು, ಮೂರು ಬೈ ನಾಲ್ಕರವು ಎರಡು, ಒಟ್ಟು 168 ಚದರಡಿ. ಕಂಪನಿಯದು 1,59,600 ರೂ., ಶೇ 18ರ ಜಿಎಸ್‌ಟಿ ಸೇರಿ 1,88,328. ಊರಿನವರದು 90,720. ನೋಡಿದರೆ ಎರಡು ಪಟ್ಟಿಗಿಂತ ಹೆಚ್ಚು. ಆದರೆ ಕಂಪನಿಯದರಲ್ಲಿ 5 ಮಿ.ಮೀ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜು, ಸೊಳ್ಳೆ ಪರದೆ, ಕದ ಸರಿಯುವ ಮೂರು ಟ್ರ್ಯಾಕ್ ಇದೆ. ಊರಿನವರದರಲ್ಲಿ 4 ಮಿ.ಮೀ. ಸಾದಾ ಗಾಜು, ಎರಡು ಟ್ರ್ಯಾಕ್, ಪರದೆ ಇಲ್ಲ, ಬಿಲ್ ಇಲ್ಲ. ತೆರಿಗೆ ಸೇರಿಸಿದರೆ ಅದೇ 1,07,050 ಆಗುತ್ತದೆ. ಪರದೆ, ಮೂರನೇ ಟ್ರ್ಯಾಕು, ಗಾಜಿನ ದಪ್ಪ ಸೇರಿಸಿ ಇನ್ನೊಮ್ಮೆ ಕೊಟೇಶನ್ ಕೇಳಿ. ವ್ಯತ್ಯಾಸ ಇದ್ದೇ ಇರುತ್ತದೆ, ಆದರೆ ಈಗ ಕಾಣುವಷ್ಟಿರುವುದಿಲ್ಲ.

ಎರಡರಲ್ಲೂ ಇಲ್ಲದ್ದು ಗ್ರಿಲ್. ಇದನ್ನು ಯಾರೂ ನಿಮಗೆ ಹೇಳಿಲ್ಲ ಎಂದು ನನ್ನ ಅನುಮಾನ. ನಿಮ್ಮ ಕಿಟಕಿಯ ಕಂಬಿಗಳು ಮರದ ಚೌಕಟ್ಟಿಗೇ ಕೂತಿವೆ. ಚೌಕಟ್ಟು ತೆಗೆದ ದಿನ ಕಂಬಿಯೂ ಹೋಯಿತು. ಯುಪಿವಿಸಿ ಚೌಕಟ್ಟು ಗ್ರಿಲ್ಲಿನ ಭಾರ ಹೊರುವುದಿಲ್ಲ. ಗ್ರಿಲ್ಲನ್ನು ಗೋಡೆಗೇ ಬೇರೆಯಾಗಿ ಕೂರಿಸಬೇಕು, ಅದು ಬೇರೆ ವೆಲ್ಡಿಂಗ್ ಅಂಗಡಿಯ ಕೆಲಸ, ಬೇರೆ ಖರ್ಚು. ಕಂಪನಿಯವರು ‘ಗ್ರಿಲ್ ನಮ್ಮ ಸ್ಕೋಪ್‌ನಲ್ಲಿಲ್ಲ’ ಎನ್ನುತ್ತಾರೆ. ಹಳೆಯದನ್ನು ಕಿತ್ತ ದಿನದಿಂದ ಹೊಸ ಗ್ರಿಲ್ ಬರುವ ತನಕ ವಯಸ್ಸಾದ ಇಬ್ಬರೇ ಇರುವ ಮನೆಯ ಕೆಳಮಹಡಿ ಕಂಬಿಯಿಲ್ಲದೆ ಇರುವುದು ನನಗೆ ಇಷ್ಟವಿಲ್ಲ. ಗ್ರಿಲ್ ಮೊದಲು ತಯಾರಾಗಿ ಬಂದು ಹೊರಗಡೆ ಕೂರಲಿ, ಆಮೇಲೆ ಚೌಕಟ್ಟು ಬಿಚ್ಚಲಿ. ಒಂದು ಮಲಗುವ ಕೋಣೆಯ ಗ್ರಿಲ್ಲಾದರೂ ಒಳಗಿನಿಂದ ಬೀಗ ತೆಗೆದು ತೆರೆಯುವಂತಿರಲಿ, ಬೆಂಕಿಯ ಹೊತ್ತಿಗೆ ಬೇಕಾಗುತ್ತದೆ.

ಗ್ರಿಲ್ ಹೊರಗೆ ಬಂದರೆ ಕದ ಹೊರಗೆ ತೆರೆಯುವುದಿಲ್ಲ. ಅದಕ್ಕೇ ಎಲ್ಲರೂ ಸ್ಲೈಡಿಂಗ್ ಎನ್ನುವುದು. ಸ್ಲೈಡಿಂಗ್‌ನಲ್ಲಿ ಒಂದು ಲೆಕ್ಕ ನೆನಪಿರಲಿ: ನಿಮ್ಮ ಹಳೆ ಕಿಟಕಿಯ ಎರಡೂ ಕದ ತೆರೆದರೆ 16 ಚದರಡಿಯಲ್ಲೂ ಗಾಳಿ ಬರುತ್ತಿತ್ತು, ಸ್ಲೈಡಿಂಗ್‌ನಲ್ಲಿ ಎಷ್ಟು ತೆರೆದರೂ ಅರ್ಧಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಏಪ್ರಿಲ್‌ನ ರಾತ್ರಿ ಕರೆಂಟ್ ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ಮಲಗುವ ಕೋಣೆಗೆ ಒಳಮುಖವಾಗಿ ತೆರೆಯುವ ಕದ ಕೇಳಿ. ಪರದೆ ಸರಿಸುವ ಜಾಗ, ಮಂಚದ ಜಾಗ ನೋಡಿಕೊಂಡು ಮಾಡಿಸಬೇಕು, ಅಷ್ಟೇ. ಬೀಗ ಬೀಳುವಾಗ ಸುತ್ತಲೂ ರಬ್ಬರಿಗೆ ಒತ್ತಿ ಕೂರುವುದರಿಂದ ಎರಚಲಿಗೂ ಅದೇ ಮೇಲು. ಸ್ಲೈಡಿಂಗ್‌ನಲ್ಲಿ ಕದ ಸರಿಯಲು ಸಂದು ಬಿಡಲೇಬೇಕು, ಗಾಳಿ ಜೋರಾದರೆ ಸ್ವಲ್ಪ ನೀರು ಟ್ರ್ಯಾಕಿಗೆ ಬರುತ್ತದೆ, ಕೆಳಗಿನ ಸೀಳಿನಿಂದ ಹೊರಗೆ ಹೋಗುತ್ತದೆ. ಅದು ದೋಷವಲ್ಲ. ಸೀಳಿನಲ್ಲಿ ಧೂಳು ಕಟ್ಟಿಕೊಂಡು ನೀರು ಒಳಗೆ ತುಳುಕಿದರೆ ದೋಷ, ಅದನ್ನು ತಿಂಗಳಿಗೊಮ್ಮೆ ಹಳೆ ಟೂತ್‌ಬ್ರಷ್‌ನಿಂದ ಬಿಡಿಸಬೇಕು. ಚಿತ್ರದುರ್ಗದ ಗುಡ್ಡದ ಬದಿಯ ಮನೆಗಳಿಗೆ, ಗಾಳಿಗೆ ಎದುರಾಗಿರುವ ಮಹಡಿಗಳಿಗೆ ನಾನು ಸ್ಲೈಡಿಂಗ್ ಹೇಳುವುದೇ ಇಲ್ಲ.

ಗಾಜಿನ ವಿಷಯ ಬೇಗ ಮುಗಿಸುತ್ತೇನೆ. ಎರಡು ಪದರದ ಗಾಜು ಹಾಕಿದರೆ ಮನೆ ತಂಪಾಗುತ್ತದೆಂದು ಕಂಪನಿಯವರು ಹೇಳಿರಬಹುದು. ಸಂಜೆ ಬಿಸಿಲು ನೇರವಾಗಿ ಗಾಜಿನ ಮೂಲಕ ಒಳಗೆ ಬರುತ್ತದೆ, ಸಾದಾ ಗಾಜು ಎರಡಾದರೂ ಬಹುಪಾಲು ಬಂದೇ ಬರುತ್ತದೆ. ಎ.ಸಿ. ಇಲ್ಲದೆ ಕಿಟಕಿ ತೆರೆದಿಡುವ ಮನೆಗೆ ಆ ದುಡ್ಡು ದಂಡ. ಪಡುವಣ ಕಿಟಕಿಗೆ ಹೊರಗಡೆ ಬಿದಿರಿನ ಚಿಕ್ ಪರದೆ ಇಳಿಬಿಟ್ಟರೆ ಅದಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ರಸ್ತೆಯ ಸದ್ದು ಕಾಟವಾದರೆ ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪೊರೆ ಇರುವ ಲ್ಯಾಮಿನೇಟೆಡ್ ಗಾಜು ಕೇಳಿ. ಟಫನ್ಡ್ ಗಾಜಿಗೆ ದುಡ್ಡು ಕೊಟ್ಟಿದ್ದರೆ ಮೂಲೆಯಲ್ಲಿ ಅಚ್ಚೊತ್ತಿದ ಗುರುತು ನೋಡಿ, ಆ ಗಾಜಿನ ಮಾನಕ ಐಎಸ್ 2553. ಅದನ್ನು ಹದ ಮಾಡಿದ ಮೇಲೆ ಕೊಯ್ಯಲು ಬರುವುದಿಲ್ಲ. ನಿಮ್ಮ ಮನೆಯಲ್ಲೇ ಗಾಜು ಕೊಯ್ದು ಕೂರಿಸಿದರೆ ಅದು ಟಫನ್ಡ್ ಅಲ್ಲ. ಮೂರಡಿ ಎತ್ತರದಲ್ಲಿ, ಗ್ರಿಲ್ಲಿನ ಹಿಂದಿರುವ ಕಿಟಕಿಗೆ 5 ಮಿ.ಮೀ. ಸಾದಾ ಗಾಜು ಸಾಕೆಂದು ನನ್ನ ಅಭಿಪ್ರಾಯ.

ಕೂರಿಸುವ ದಿನ

ನಿಮ್ಮ ಯಜಮಾನರು ಆ ದಿನ ಮನೆಯಲ್ಲಿರಲಿ. ಯುಪಿವಿಸಿ ಬಿಸಿಲಿಗೆ ಹಿಗ್ಗುತ್ತದೆ, ಮೀಟರಿಗೆ 10 ಡಿಗ್ರಿಗೆ ಸುಮಾರು ಮುಕ್ಕಾಲು ಮಿ.ಮೀ. ನಿಮ್ಮ ನಾಲ್ಕಡಿ ಚೌಕಟ್ಟು ಬೆಳಗಿನ ತಂಪಿಗೂ ಪಡುವಣ ಬಿಸಿಲಿಗೂ ನಡುವೆ 2–3 ಮಿ.ಮೀ. ಉದ್ದವಾಗಬಹುದು. ಅದಕ್ಕೆ ಗೋಡೆಗೂ ಚೌಕಟ್ಟಿಗೂ ನಡುವೆ ಪ್ರತಿ ಬದಿಗೆ 5 ಮಿ.ಮೀ. ಆಸುಪಾಸು ಸಂದು ಬಿಡಬೇಕು, ಸಂದಿಗೆ ಫೋಮ್ ತುಂಬಿ ಹೊರಗೆ ಸಿಲಿಕೋನ್ ಎಳೆಯಬೇಕು. ಸಿಮೆಂಟ್ ಗಾರೆಯಿಂದ ಬಿಗಿದರೆ ಚೌಕಟ್ಟು ಬಾಗುತ್ತದೆ, ಕದ ಉಜ್ಜುತ್ತದೆ, ಗಾರೆ ಬಿರುಕು ಬಿಡುತ್ತದೆ. ಸಂದು ಬೆರಳು ಹೋಗುವಷ್ಟಿದ್ದರೆ ಅಳತೆ ತಪ್ಪಿದೆ ಎಂದರ್ಥ. ಅದನ್ನು ಬರೀ ಸಿಲಿಕೋನ್‌ನಿಂದ ಮುಚ್ಚಲು ಬಿಡಬೇಡಿ, ಮೊದಲು ಗಾರೆಯಿಂದ ಗೋಡೆಯನ್ನು ಸರಿಪಡಿಸಲಿ. ಸ್ಕ್ರೂಗಳು ಮೂಲೆಯಿಂದ ಅರ್ಧ ಅಡಿಗೂ ಮುಕ್ಕಾಲು ಅಡಿಗೂ ನಡುವೆ ಶುರುವಾಗಿ ಎರಡಡಿಗಿಂತ ದೂರವಿರಬಾರದು.

ಸಿಲಿಕೋನ್ ಟ್ಯೂಬ್ ಬಿಚ್ಚಿದಾಗ ವಿನೆಗರ್ ವಾಸನೆ ಹೊಡೆದರೆ ನಿಲ್ಲಿಸಿ. ಅದು ಅಕ್ವೇರಿಯಂಗೆ, ಗಾಜಿಗೆ ಸರಿ. ಸಿಮೆಂಟಿಗೆ ಅದು ಸರಿಯಾಗಿ ಅಂಟುವುದಿಲ್ಲ, ಕಬ್ಬಿಣಕ್ಕೆ ತುಕ್ಕು ಬರಿಸುತ್ತದೆ. ಗೋಡೆಗೆ ನ್ಯೂಟ್ರಲ್ ಸಿಲಿಕೋನ್ ಬೇಕು. ಟ್ಯೂಬಿಗೆ ಕೆಲವು ರೂಪಾಯಿ ಹೆಚ್ಚು, ಅಷ್ಟಕ್ಕಾಗಿ ಲಕ್ಷ ರೂಪಾಯಿಯ ಕೆಲಸ ಕೆಡಿಸುವವರನ್ನು ಕಂಪನಿಯ ಟೀ ಶರ್ಟಿನಲ್ಲೂ ನೋಡಿದ್ದೇನೆ. ಗೋಡೆ ಒದ್ದೆಯಿದ್ದರೆ, ಧೂಳು ಒರೆಸದಿದ್ದರೆ ಯಾವ ಸಿಲಿಕೋನೂ ನಿಲ್ಲುವುದಿಲ್ಲ. ಹಾಗಾಗಿ ಈ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ, ಭರಣಿ ಮಳೆ ಶುರುವಾಗುವುದರೊಳಗೆ ಮುಗಿದಿರಬೇಕು.

ವಾರಂಟಿಯೆಂಬ ಹತ್ತು ವರ್ಷ

ಮಗ ನೆಚ್ಚಿಕೊಂಡಿರುವುದು ಕಂಪನಿಯ ಹತ್ತು ವರ್ಷದ ವಾರಂಟಿಯನ್ನೇ ಇರಬೇಕು. ಓದಿ ನೋಡಲು ಹೇಳಿ. ಪ್ರೊಫೈಲಿನ ಬಣ್ಣಕ್ಕೆ ಒಂದು ಅವಧಿ, ರೋಲರ್ ಬೀಗಗಳಿಗೆ ಅದಕ್ಕಿಂತ ಬಹಳ ಕಡಿಮೆ, ಗಾಜು ಒಡೆದರೆ ಇಲ್ಲ, ಕೂರಿಸಿದ ಕೆಲಸಕ್ಕೆ ಮತ್ತೊಂದು ಎಂದು ಸಾಮಾನ್ಯವಾಗಿ ಬೇರೆ ಬೇರೆ ಇರುತ್ತದೆ. ಕೆಡುವುದು ರೋಲರ್, ಬೀಗ, ಸಂದಿನ ಸಿಲಿಕೋನ್. ಹತ್ತು ವರ್ಷ ಎನ್ನುವುದು ಕೆಡದೇ ಇರುವ ಭಾಗಕ್ಕೆ. ಕೆಲವು ಕಂಪನಿಗಳ ರೋಲರ್, ಬೀಗ ಅವರದೇ ಅಳತೆಯವು, ಬೇರೆಯವರದು ಕೂರುವುದಿಲ್ಲ. ಸರ್ವಿಸ್ ಹುಡುಗ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬರಬೇಕಾದರೆ, ಒಂದು ಮನೆಯ ಒಂದು ಕಿಟಕಿಗಾಗಿ ಬರುವುದಿಲ್ಲ, ಆ ಕಡೆ ನಾಲ್ಕು ದೂರು ಸೇರುವ ತನಕ ಕಾಯುತ್ತಾನೆ. ದಾವಣಗೆರೆಯಲ್ಲಿ ಸರ್ವಿಸ್ ಯಾರದು ಎಂದು ಕೇಳಿ ಹೆಸರು, ನಂಬರ್ ಬರೆಸಿಕೊಳ್ಳಿ. ಡೀಲರ್ ಬದಲಾದರೆ ಹೊಣೆ ಕಂಪನಿಯದೇ ಎಂಬ ಒಂದು ಸಾಲು ಕೊಟೇಶನ್‌ನಲ್ಲಿರಲಿ.

ಅಂಗಡಿ ಮುಚ್ಚಿದರೆ ಎಂಬ ನಿಮ್ಮ ಭಯ ಸುಳ್ಳಲ್ಲ. ಮುಚ್ಚುತ್ತವೆ. ಆದರೆ ಹೆಸರಿರುವ ಪ್ರೊಫೈಲ್, ಬಜಾರಿನಲ್ಲಿ ಸಿಗುವ ಸಾಮಾನ್ಯ ರೋಲರ್ ಹಾಕಿದ್ದರೆ ಬೇರೆ ಯಾವ ಫ್ಯಾಬ್ರಿಕೇಟರಾದರೂ ರಿಪೇರಿ ಮಾಡುತ್ತಾನೆ. ಊರಿನವರ ನಿಜವಾದ ತೊಂದರೆ ಬೇರೆ: ಕೊನೆಯ ಕಂತು ಕೈಗೆ ಬಂದ ಮೇಲೆ ಫೋನ್ ಎತ್ತುವುದಿಲ್ಲ. ಸ್ಕೂಟರ್ ಹತ್ತಿ ಅಂಗಡಿಗೆ ಹೋಗಿ ನಿಂತರೆ ‘ನಾಳೆ ಬರ್ತೀವ್ರೀ’ ಎನ್ನುತ್ತಾರೆ, ಮೂರು ಸಲ ನಿಂತರೆ ಬರುತ್ತಾರೆ. ಹಾಗೆ ಹೋಗಿ ನಿಲ್ಲಲು ನಿಮ್ಮ ಯಜಮಾನರಿಗೆ ಕೈಲಾಗುತ್ತದೆಯೇ ಎಂದು ನೀವೇ ಯೋಚಿಸಿ. ಕಂಪನಿಯ ದೂರನ್ನಾದರೆ ಮಗ ಪುಣೆಯಿಂದಲೇ ಫೋನಿನಲ್ಲಿ ಹಾಕಿ ಬೆನ್ನು ಹತ್ತಬಹುದು. ಮನೆಯಲ್ಲಿ ಓಡಾಡುವವರು ಯಾರೂ ಇಲ್ಲದಿದ್ದರೆ ಹೆಚ್ಚಿನ ದುಡ್ಡು ಅದಕ್ಕೆ ಕೊಟ್ಟಂತೆ, ಅದು ತಪ್ಪೇನಲ್ಲ.

ಬಿಲ್ ಬೇಡ ಎನ್ನುವ ಮಾತಿಗೆ ಮಾತ್ರ ಒಪ್ಪಬೇಡಿ. ಅಲ್ಲಿ ಉಳಿಯುವುದು 16,000 ರೂಪಾಯಿ. ಹೋಗುವುದು ನಿಮ್ಮ ಹಕ್ಕಿನ ಪುರಾವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಂಪನಿಯ ಕಚೇರಿ ದೆಹಲಿಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. 5 ಲಕ್ಷ ರೂ. ತನಕದ ವ್ಯವಹಾರಕ್ಕೆ ಶುಲ್ಕವಿಲ್ಲ, ತೊಂದರೆ ಕಂಡ 2 ವರ್ಷದೊಳಗೆ ಕೊಡಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದರೆ ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಎಲ್ಲದಕ್ಕೂ ಬಿಲ್ ಬೇಕು.

ದುಡ್ಡು ಕೊಡುವ ಕ್ರಮ: ಊರಿನವರಿಗೆ ಮೂರನೇ ಒಂದು ಭಾಗ ಮುಂಗಡ, ಕಿಟಕಿಗಳು ಮನೆಗೆ ಬಂದು ನೀವು ಆಯಸ್ಕಾಂತ ಹಿಡಿದು ನೋಡಿದ ಮೇಲೆ ಇನ್ನೊಂದು ಪಾಲು, ಕೂರಿಸಿದ ಮೇಲೆ ಉಳಿದದ್ದು. ಶೇ 10ರಷ್ಟನ್ನು ಪೈಪಿನ ನೀರಿನ ಪರೀಕ್ಷೆ ಮುಗಿಯುವ ತನಕ ಹಿಡಿದಿಟ್ಟುಕೊಳ್ಳುತ್ತೇನೆಂದು ಮೊದಲೇ ಹೇಳಿ, ಬರೆಸಿ. ಒಪ್ಪದವರಿಗೆ ಕೆಲಸ ಕೊಡಬೇಡಿ. ಕಂಪನಿಯವರು ಇದಕ್ಕೆ ಬಗ್ಗುವುದಿಲ್ಲ. ಅವರ ಹತ್ತಿರ ಕೂರಿಸುವ ಕೂಲಿಯನ್ನು ಬೇರೆ ಬಿಲ್ ಮಾಡಿಸಿ, ಆ ಭಾಗವನ್ನಾದರೂ ನೀರು ಬಿಟ್ಟು ನೋಡಿದ ಮೇಲೆ ಕೊಡುತ್ತೇನೆ ಎಂದು ಕೇಳಿ. ಕೆಲವು ಡೀಲರ್‌ಗಳು ಒಪ್ಪುತ್ತಾರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ 11ನ್ನೂ ಮುಟ್ಟುತ್ತಿರಲಿಲ್ಲ. ಗೆದ್ದಲು ಮದ್ದು ಹಾಕಿಸಿ, ಸಜ್ಜಾದ ಗೆರೆ ಮತ್ತು ಅಡಿಗಲ್ಲು ಸರಿಪಡಿಸಿ, ಗೆದ್ದಲು ತಿಂದ ಎರಡನ್ನು ಮತ್ತು ಮಹಡಿಯಲ್ಲಿ ಎರಚಲಿಗೆ ಎದುರಿರುವ ಕಿಟಕಿಯನ್ನು ಮಾತ್ರ ಬದಲಿಸುತ್ತಿದ್ದೆ. ಉಳಿದವಕ್ಕೆ ಬಡಿಗೇರರಿಂದ ಹೊಸ ಕದ, ರಬ್ಬರ್ ಪಟ್ಟಿ. ಮೂರು ಕಿಟಕಿಗೆ ಕಂಪನಿಯವರು ಬರುವುದು ಅನುಮಾನ, ಬಂದರೂ ರೇಟು ಏರಿಸುತ್ತಾರೆ. ಆದ್ದರಿಂದ ಅವು ಮೂರು ಊರಿನವರಿಗೆ, ಬಿಲ್ಲಿನೊಂದಿಗೆ. ಒಂದು ಮಳೆಗಾಲ ಕಳೆದ ಮೇಲೆ ಅವರ ಕೆಲಸ ಹಿಡಿಸಿದರೆ ಮುಂದಿನ ವರ್ಷ ಬೇಕಾದಷ್ಟು ಕೊಡಿ. ಹಿಡಿಸದಿದ್ದರೆ ಕಂಪನಿ ಎಲ್ಲಿಗೂ ಹೋಗಿರುವುದಿಲ್ಲ, ‘ಈ ತಿಂಗಳ ರೇಟು’ ಮುಂದಿನ ವರ್ಷವೂ ಇನ್ನೊಂದು ಹೆಸರಿನಲ್ಲಿ ಇದ್ದೇ ಇರುತ್ತದೆ. ಸ್ಕ್ರೂಡ್ರೈವರ್ ಪರೀಕ್ಷೆಯಲ್ಲಿ ಏಳೆಂಟು ಚೌಕಟ್ಟು ಟೊಳ್ಳಾಗಿ ಕಂಡರೆ ನನ್ನ ಈ ಲೆಕ್ಕ ಬದಲಾಗುತ್ತದೆ. ಆಗ ಎಲ್ಲವನ್ನೂ ಒಬ್ಬರಿಗೇ ಕೊಡುವುದು ಮೇಲು, ಮಗನ ಮಾತಿಗೂ ತೂಕ ಬರುತ್ತದೆ.

ಇನ್ನೊಂದು ಮಾತು. ಹಳೆ ಚೌಕಟ್ಟು ಕಿತ್ತವರು ‘ಕಸ ನಾವೇ ಸಾಗಿಸ್ತೀವಿ’ ಎಂದು ಆಟೋಗೆ ತುಂಬಿಕೊಂಡು ಹೋಗುವುದುಂಟು. ಗೆದ್ದಲು ತಿಂದದ್ದನ್ನು ಕೊಟ್ಟು ಸುಡಿಸಿ. ಗಟ್ಟಿ ಹೊನ್ನೆ ಇದ್ದರೆ ಕೊಡಬೇಡಿ. ನಿಮ್ಮ ಬಡಿಗೇರರಿಗೆ ಅಷ್ಟು ಒಣಗಿದ ಮರ ಬೇರೆಲ್ಲೂ ಸಿಗುವುದಿಲ್ಲ, ಉಳಿದ ಕದಗಳಿಗೆ ಅದರಲ್ಲೇ ಪಟ್ಟಿ ತೆಗೆದುಕೊಳ್ಳುತ್ತಾರೆ.